ಸೊಟ್ಟ ಹಿಡಿಯ ಹೂಜಿ

ನಮ್ಮಣ್ಣ ಈನಕ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದಾಗ ನಿಮಗೆ ಹಾಗನ್ನಿಸುವುದಿಲ್ಲ. ಅವನು ಕುಡಿದು ಬಿದ್ದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಭಾನುವಾರದ ಪ್ರಾರ್ಥನೆ ತಪ್ಪಿಸಿದವನಲ್ಲ. ಅವನಿಗಿದ್ದ ರೋಗ ಒಂದೇ, ಮೇಲಿನವರು ಏನು ಕೇಳಿದರೂ ಹೂಂ ಅನ್ನುವುದು. ಕುಲುಮೆಯ ಮುಂದೆ ಅಷ್ಟು ಬೆಂಕಿಗೆ ಎದೆಯೊಡ್ಡಿ ನಿಲ್ಲುವ ಮನುಷ್ಯ ಮ್ಯಾನೇಜರನನ್ನು ಕಂಡರೆ ಸಾಕು, ತನ್ನ ಟೋಪಿ ತೆಗೆದು ಒದ್ದೆಬಟ್ಟೆಯ ಹಾಗೆ ಹಿಂಡತೊಡಗುತ್ತಿದ್ದ.

ಗಂಡ ಸತ್ತ ಮೇಲೆ ನಾನು ಅಣ್ಣನ ಮನೆಗೇ ಬಂದಿದ್ದೆ. ಗಾಜಿನ ಕಾರ್ಖಾನೆಯವರು, ಕೊಳವೆಯಲ್ಲಿ ಗಾಜು ಊದುವ ಊದುಗಾರರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಹಿಂದೆ ಪೈನ್ ಕಾಡು, ಮುಂದೆ ಬಿಳಿ ಮರಳಿನ ದಾರಿ, ದಾರಿಯ ತುದಿಗೆ ಕುಲುಮೆ. ಮನೆಯಲ್ಲಿ ನಮ್ಮಮ್ಮ ಅಪೊಲೋನಿಯಾ, ಈನಕ್, ಅವನ ಹೆಂಡತಿ ಟ್ಯಾಮ್ಸನ್, ಅವರ ಮಗಳು ಮಹೇಲಾ, ಮತ್ತೆ ಹೊಲಿಗೆ ಹಾಕಿಕೊಂಡು ಮೂಲೆಯಲ್ಲಿ ಕೂರುವ ನಾನು, ಡಾರ್ಕಸ್.

ಕಾರ್ಖಾನೆ ಮಾಡುತ್ತಿದ್ದದ್ದು ಕಿಟಕಿ ಗಾಜು ಮತ್ತು ಬಾಟಲಿ. ಅದೆಲ್ಲ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗುತ್ತಿತ್ತು. ನಮ್ಮ ಊಟದ ಮೇಜಿನ ಗಾಜಿನ ಕಥೆ ಬೇರೆ. ದಿನದ ಕೆಲಸ ಮುಗಿದ ಮೇಲೆ ಕುಲುಮೆಯ ಮಡಕೆಯ ತಳದಲ್ಲಿ ಒಂದಿಷ್ಟು ಕರಗಿದ ಗಾಜು ಉಳಿಯುತ್ತದಲ್ಲ, ಅದು ಊದುಗಾರರ ಪಾಲು. ಅದರಲ್ಲಿ ಅವರು ಮನೆಗೆ ಬೇಕಾದ್ದು ಊದಿಕೊಳ್ಳುತ್ತಿದ್ದರು: ಹಾಲಿನ ಬೋಗುಣಿ, ಸಕ್ಕರೆ ಬಟ್ಟಲು, ಉಪ್ಪಿನ ಕುಡಿಕೆ. ನಮ್ಮಜ್ಜನ ಕಾಲದಿಂದಲೂ ಹಾಗೇ ನಡೆದುಬಂದದ್ದು. ಬೇಡ ಅಂದವರೂ ಇರಲಿಲ್ಲ, ಅಪ್ಪಣೆ ಕೊಟ್ಟವರೂ ಇರಲಿಲ್ಲ.

ಇವುಗಳಲ್ಲೆಲ್ಲ ಮದುವೆಯ ಹೂಜಿಗೆ ಮರ್ಯಾದೆ ಹೆಚ್ಚು. ಹುಡುಗಿಯ ಅಪ್ಪ ಹೂಜಿ ಊದಬೇಕು, ಅದು ಬಿಸಿಯಿರುವಾಗಲೇ ಅಳಿಯನಾಗುವವನು ಅದಕ್ಕೆ ಹಿಡಿ ಅಂಟಿಸಬೇಕು. ಮದುವೆಯ ಊಟದಲ್ಲಿ ಹುಡುಗಿಯ ತಾಯಿ ಆ ಹೂಜಿಯಿಂದ ಎಲ್ಲರ ಲೋಟಕ್ಕೂ ಸೇಬಿನ ರಸ ಹುಯ್ಯಬೇಕು. ಆಮೇಲೆ ಹೂಜಿ ಹುಡುಗಿಯದು. ಹಾಗೆ ಹುಯ್ಯದೆ ನಡೆದ ಮದುವೆಯನ್ನು ನಮ್ಮ ಸಾಲಿನ ಹೆಂಗಸರು ಮದುವೆ ಅಂತಲೇ ಒಪ್ಪುತ್ತಿರಲಿಲ್ಲ.

ಟ್ಯಾಮ್ಸನ್‌ಳ ಹೂಜಿಯನ್ನು ಊದಿದವನು ಅವಳಪ್ಪ ಗಿಡಿಯನ್, ತನ್ನ ಕೊನೆಯ ಚಳಿಗಾಲದಲ್ಲಿ. ಆಗಲೇ ಅವನ ಎದೆ ಗೊರಗೊರ ಅನ್ನುತ್ತಿತ್ತು. ತಿಳಿ ಕಡಲಹಸಿರು ಬಣ್ಣ, ತಳದಿಂದ ಎದ್ದು ಹೊಟ್ಟೆಯ ಸುತ್ತ ಹಬ್ಬಿದ ನೈದಿಲೆ ಎಲೆಗಳು. ನಮ್ಮ ಕಿಟಕಿಯಲ್ಲಿ ಅದು ಕೆರೆಯ ನೀರನ್ನೇ ಎತ್ತಿಟ್ಟ ಹಾಗೆ ಕಾಣುತ್ತಿತ್ತು. ಹಿಡಿ ಈನಕನದು. ಅವತ್ತು ಅವನ ಕೈ ನಡುಗಿ ಹಿಡಿ ಕೊಂಚ ಎಡಕ್ಕೆ ವಾಲಿಬಿಟ್ಟಿತ್ತು. ಟ್ಯಾಮ್ಸನ್ ಹಾಲು ಬಗ್ಗಿಸುವಾಗಲೆಲ್ಲ ನಮ್ಮಮ್ಮ, “ಜೋಪಾನ ಕಣೇ, ನನ್ನ ಮಗನ ಹಿಡಿ ಅದು, ಎಲ್ಲಿಗೆ ಹುಯ್ಯುತ್ತೋ ಅದಕ್ಕೇ ಗೊತ್ತಿಲ್ಲ” ಅನ್ನುತ್ತಿದ್ದಳು. ಮದುವೆಯಾದಂದಿನಿಂದ ಹಳತಾಗದ ತಮಾಷೆ ಅದು.

ಬೇಸಿಗೆಯ ರಜೆ ಮುಗಿದು ಸೆಪ್ಟೆಂಬರಿನಲ್ಲಿ ಕುಲುಮೆ ಹೊತ್ತಿಸಿದ ವಾರವೇ ಹೊಸ ಮ್ಯಾನೇಜರ್ ಬಂದ. ಹೆಸರು ಕ್ಯಾಡ್‌ವೆಲ್. ಬಿಳಿ ಕಾಲರಿನ, ಮೆಲುದನಿಯ ಮನುಷ್ಯ. ಒಂದು ಸಂಜೆ ಈನಕನ ಜೊತೆ ಏಶರ್ ಕೂಡ ಊಟಕ್ಕೆ ಬಂದ. ಏಶರ್ ಅಂದರೆ ಮಹೇಲಾಳನ್ನು ಮದುವೆಯಾಗಬೇಕಿದ್ದ ಹುಡುಗ. ಈನಕನ ಕೈಕೆಳಗೆ ಕುಲುಮೆಯಿಂದ ಗಾಜು ಎತ್ತಿಕೊಡುವ ಕೆಲಸ ಅವನದು. ಟ್ಯಾಮ್ಸನ್ ಜೋಳದ ಗಂಜಿ, ಹುರಿದ ಹಂದಿಮಾಂಸ ಬಡಿಸುತ್ತಿದ್ದಳು.

“ಇವತ್ತು ಮ್ಯಾನೇಜರ್ ಮಡಕೆಯ ತಳದ ಗಾಜನ್ನೆಲ್ಲ ನೀರಿಗೆ ಸುರಿಸಿಬಿಟ್ಟ,” ಅಂದ ಏಶರ್. “ಇನ್ಮೇಲೆ ಒಂದು ಹನಿಯೂ ಮನೆ ಸಾಮಾನಿಗೆ ಊದೋ ಹಾಗಿಲ್ವಂತೆ. ಊದಿದ್ರೆ ಕಳ್ಳತನವಂತೆ.”

“ಯಾರು ಕಳ್ಳರು?” ಟ್ಯಾಮ್ಸನ್ ಸೌಟು ಹಿಡಿದೇ ನಿಂತಳು.

“ನಾವೇ.”

“ನಮ್ಮಜ್ಜಂದಿರು ಈ ಕಾಡಲ್ಲಿ ಮೊದಲ ಮರ ಕಡಿದಾಗ ಅವನು ಎಲ್ಲಿದ್ದನಂತೆ?”

“ಅದನ್ನ ಕೇಳೋಕೆ ಮಾವನೇ ಹೋಗಬೇಕು,” ಅಂದ ಏಶರ್, ಈನಕನ ಕಡೆ ನೋಡುತ್ತ. ಈನಕ್ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಹೊಸಬರು. ಸ್ವಲ್ಪ ದಿನ ಬಿಗಿ ಮಾಡ್ತಾರೆ, ಆಮೇಲೆ ಸರಿಹೋಗ್ತಾರೆ,” ಅಂದ.

ಮಹೇಲಾಳ ಮುಖ ಸಣ್ಣದಾಯಿತು. “ಹಾಗಾದ್ರೆ ನನ್ನ ಹೂಜಿ?”

ಟ್ಯಾಮ್ಸನ್ ಒಂದು ಗಳಿಗೆ ಕಿಟಕಿಯ ಕಡೆ ನೋಡಿದಳು. “ನನ್ನದೇ ನಿನಗೆ. ಅಜ್ಜ ಊದಿದ್ದು, ಅಪ್ಪ ಹಿಡಿ ಹಾಕಿದ್ದು. ಇದಕ್ಕಿಂತ ಬೇಕಾ?”

“ಸೊಟ್ಟ ಹಿಡಿ,” ಅಂದಳು ಮಹೇಲಾ, ಕಣ್ಣೊರೆಸಿಕೊಂಡು ನಗುತ್ತ.

“ಸೊಟ್ಟಗಿದ್ದರೇನು, ನನ್ನ ಕೈಯಲ್ಲಿ ಇಷ್ಟು ವರ್ಷ ಗಟ್ಟಿಯಾಗಿ ನಿಂತಿಲ್ವಾ?”

ಈನಕ್ ನಾಚಿಕೊಂಡು ನಕ್ಕ. ಹೀಗೆ ಆ ಮಾತು ತೀರ್ಮಾನವಾಯಿತು. ಮದುವೆ ನವೆಂಬರಿನಲ್ಲಿ, ಹಂದಿ ಕಡಿಯುವ ವಾರ. ಹೂಜಿ ಮಹೇಲಾಳದು. ಎಲ್ಲರೂ ಕೇಳಿಸಿಕೊಂಡಿದ್ದೆವು, ಈನಕನೂ ಕೇಳಿಸಿಕೊಂಡಿದ್ದ.

ಹತ್ತು ದಿನ ಕಳೆದಿರಬೇಕು, ಕ್ಯಾಡ್‌ವೆಲ್‌ನ ಹೆಂಡತಿ ಸಾಲುಮನೆಗಳನ್ನು ನೋಡಲು ಬಂದಳು. ನಮ್ಮನೆಯಲ್ಲೂ ಕೂತು ಚಹಾ ಕುಡಿದಳು. ಟ್ಯಾಮ್ಸನ್ ಶುಂಠಿಯ ಕೇಕು ಕೊಯ್ದು ಕೊಟ್ಟಳು. ಆಕೆಯ ಕಣ್ಣು ಕೇಕಿನ ಮೇಲಿರಲಿಲ್ಲ, ಕಿಟಕಿಯಲ್ಲಿದ್ದ ಹೂಜಿಯ ಮೇಲಿತ್ತು.

“ಅಯ್ಯೋ, ಎಷ್ಟು ಮುಗ್ಧವಾಗಿದೆ! ಪೇಟೆಯಲ್ಲಿ ಈಗ ಎಲ್ಲರಿಗೂ ಇಂಥ ಹಳ್ಳಿ ಸಾಮಾನೇ ಬೇಕು. ಇದಕ್ಕೆ ಏನು ತಗೋತೀರಿ?”

“ಅದು ಕೊಡೋದಲ್ಲಮ್ಮ. ಮಗಳಿಗೆ ಅಂತ ಇಟ್ಟಿರೋದು.”

“ಮಗಳಿಗೆ ಚೆಂದದ ಚೀನಾ ಪಿಂಗಾಣಿ ತರಿಸಿಕೊಡ್ತೀನಿ.”

“ಪಿಂಗಾಣಿಯನ್ನ ನಮ್ಮಪ್ಪ ಊದಿಲ್ಲ,” ಅಂದಳು ಟ್ಯಾಮ್ಸನ್.

ಆಕೆ ನಕ್ಕು ಕೈಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಮತ್ತೊಮ್ಮೆ ತಿರುಗಿ ಹೂಜಿಯನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಅಮ್ಮನಿಗೂ ಹಿಡಿಸಲಿಲ್ಲ. “ಟ್ಯಾಮ್ಸನ್, ಅದನ್ನ ಒಳಗೆ ತೆಗೆದಿಡೇ,” ಅಂದಳು. “ಒಳಗಿಟ್ಟರೆ ಬೆಳಕು ಬೀಳಲ್ಲ ಅತ್ತೆ,” ಅಂದಳು ಟ್ಯಾಮ್ಸನ್. ಅದು ಕಿಟಕಿಯಲ್ಲೇ ಉಳಿಯಿತು.

ಅಕ್ಟೋಬರಿನಲ್ಲಿ ಜವುಗುನೆಲದ ಕೆಂಪು ಹುಳಿಹಣ್ಣು, ಕ್ರ್ಯಾನ್‌ಬೆರಿ, ಮಾಗಿತು. ಟ್ಯಾಮ್ಸನ್, ಮಹೇಲಾ, ನಾನು ಬುತ್ತಿ ಕಟ್ಟಿಕೊಂಡು ಬೆಳಗ್ಗೆಯೇ ಹೋದೆವು. ಇಡೀ ದಿನ ಕೆಸರಲ್ಲಿ ಮೊಣಕಾಲೂರಿ ಹಣ್ಣು ಬಿಡಿಸಿ, ಸಂಜೆ ಬುಟ್ಟಿ ಹೊತ್ತು ಮನೆಗೆ ಬಂದರೆ ಕಿಟಕಿ ಬೋಳಾಗಿತ್ತು. ಹೂಜಿ ಇದ್ದ ಜಾಗದಲ್ಲಿ ಧೂಳಿಲ್ಲದ ದುಂಡನೆಯ ಗುರುತು ಮಾತ್ರ.

ಟ್ಯಾಮ್ಸನ್ ಬುಟ್ಟಿ ಇಳಿಸಲೂ ಇಲ್ಲ. “ಅತ್ತೆ, ಹೂಜಿ ಎಲ್ಲಿ?”

ಅಮ್ಮ ಒಲೆಯ ಪಕ್ಕದಲ್ಲಿ ಮುಖ ತಿರುಗಿಸಿ ಕೂತಿದ್ದಳು. “ನಿನ್ನ ಗಂಡನ್ನ ಕೇಳು. ಮಧ್ಯಾಹ್ನ ಕೆಲಸ ಬಿಟ್ಟು ಬಂದ. ಎಂದೂ ಇಲ್ಲದೆ ಕೈ ತೊಳೆದುಕೊಂಡು ಬಂದಿದ್ದ. ಅದನ್ನ ನೋಡಿದಾಗಲೇ ನನಗೆ ಅನುಮಾನ ಬಂತು. ಯಾಕೋ ಅಂದೆ. ಸುಮ್ನಿರಮ್ಮ ಅಂದ. ನಿನ್ನ ಹಳೇ ಶಾಲಲ್ಲಿ ಹೂಜಿ ಸುತ್ತಿ ಹೊತ್ತೊಯ್ದ.”

ಈನಕ್ ಬರುವ ತನಕ ಯಾರೂ ದೀಪ ಹಚ್ಚಲಿಲ್ಲ. ಬಂದವನು ಬಾಗಿಲಲ್ಲೇ ಮಾತು ಶುರುಮಾಡಿದ, ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ.

“ನೋಡು, ಒಳ್ಳೇ ಸುದ್ದಿ ತಂದಿದ್ದೀನಿ. ಏಶರ್‌ಗೆ ಊದುಗಾರನ ಕುರ್ಚಿ ಕೊಡ್ತಾರಂತೆ, ಇನ್ನು ಗಾಜು ಎತ್ತಿಕೊಡೋದಲ್ಲ, ಅವನೇ ಊದೋದು. ಕ್ರಿಸ್ಮಸ್ಸಿಗೆ ಮುಂಚೆ. ಈ ವಯಸ್ಸಿಗೆ ಯಾರಿಗೆ ಸಿಕ್ಕಿದೆ ಹೇಳು?”

“ಹೂಜಿ ಎಲ್ಲಿ?”

“ಮ್ಯಾನೇಜರ್ ಕೇಳಿದ್ರು.”

“ಯಾರನ್ನ ಕೇಳಿದ್ರು?”

“ನನ್ನನ್ನ. ಅಷ್ಟು ದೊಡ್ಡವರು ಬಾಯಿಬಿಟ್ಟು ಕೇಳಿದಾಗ ಇಲ್ಲ ಅನ್ನೋಕಾಗುತ್ತಾ? ಒಂದು ಹೂಜಿ ತಾನೇ ಟ್ಯಾಮ್ಸನ್. ಮಗಳ ಬಾಳಿಗೆ ಆಧಾರ ಆಯ್ತಲ್ಲ.”

“ಮಗಳ ಹೂಜಿ ಕೊಟ್ಟು ಮಗಳ ಬಾಳಿಗೆ ಆಧಾರ ತಂದ್ರಾ?”

“ಮನೆಯೂ ಅವರದ್ದೇ, ಕೆಲಸವೂ ಅವರದ್ದೇ...”

“ಹೂಜಿ ನನ್ನದು!” ಬುಟ್ಟಿಯನ್ನು ಅವಳು ನೆಲಕ್ಕೆ ಕುಕ್ಕಿದ ರಭಸಕ್ಕೆ ಹಣ್ಣೆಲ್ಲ ಒಲೆಯ ತನಕ ಉರುಳಿದವು. “ನಮ್ಮಪ್ಪ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿಕೊಂಡು ಊದಿದ್ದು. ನೀನು ಯಾರೋ ಅದನ್ನ ಕೊಡೋಕೆ?”

ಗಂಡನ ಜೊತೆ ಅವಳು ಏಕವಚನಕ್ಕಿಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಾನು ಈ ಮನೆ ಯಜಮಾನ,” ಅಂದ ಈನಕ್.

“ಯಜಮಾನನಂತೆ!” ಅಂದಳು ಅಮ್ಮ. “ಆ ಹೂಜಿಯಲ್ಲಿ ನಿನ್ನದು ಅಂತ ಇರೋದು ಹಿಡಿ ಒಂದೇ. ಅದನ್ನೂ ನೆಟ್ಟಗೆ ಹಾಕಲಿಲ್ಲ.”

ಆವತ್ತು ಯಾರೂ ನಗಲಿಲ್ಲ. ಮಹೇಲಾ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ನಾನು ನೆಲದ ಮೇಲೆ ಕೂತು ಕ್ರ್ಯಾನ್‌ಬೆರಿ ಆರಿಸತೊಡಗಿದೆ. ಅಣ್ಣನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಹಣ್ಣುಗಳನ್ನು ಒಂದೊಂದಾಗಿ ಅವನ ಮೇಲೆ ಎಸೆಯಬೇಕೆನ್ನಿಸಿತ್ತು.

ಮಾರನೆಯ ದಿನ ಟ್ಯಾಮ್ಸನ್ ಭಾನುವಾರದ ಟೊಪ್ಪಿಗೆ ಹಾಕಿಕೊಂಡು ಮ್ಯಾನೇಜರನ ಮನೆಗೆ ಹೋದಳು. ಜೊತೆಗೆ ನಾನೂ ಇದ್ದೆ. ನಮ್ಮನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸಿದರು. ಕ್ಯಾಡ್‌ವೆಲ್ ಬಾಯಿ ಒರೆಸಿಕೊಳ್ಳುತ್ತ ಬಂದ. ಟ್ಯಾಮ್ಸನ್ ಎಲ್ಲವನ್ನೂ ಹೇಳಿದಳು, ಅಪ್ಪ, ಮಗಳು, ಮದುವೆ, ಎಲ್ಲ. ಅವನು ಒಂದು ಮಾತನ್ನೂ ತಡೆಯದೆ ಕೇಳಿದ.

“ನಿಮ್ಮ ಗಂಡ ತಾವಾಗಿ ಕೊಟ್ಟಿದ್ದಾರೆ, ತಾಯಿ.”

“ಅದು ಅವರದ್ದಲ್ಲ, ಸ್ವಾಮಿ.”

“ಹೆಂಡತಿಯ ವಸ್ತು ಗಂಡನದ್ದೇ. ಇದು ನಾನು ಹೇಳೋದಲ್ಲ, ಕಾನೂನು. ನಿಮ್ಮ ಟೊಪ್ಪಿಗೆ, ನಿಮ್ಮ ಚಮಚ, ಎಲ್ಲ ಅವರದ್ದೇ. ಅವರು ತಮ್ಮದನ್ನ ಕೊಟ್ಟರು, ನಾನು ತಗೊಂಡೆ.” ಇಷ್ಟು ಹೇಳಿ ನಮಗೆ ಶುಭವಾಗಲಿ ಎಂದು ಹರಸಿ ಬಾಗಿಲು ಹಾಕಿಕೊಂಡ.

ಬೈದಿದ್ದರೆ ನಾವೂ ಬೈಯಬಹುದಿತ್ತು. ಹರಸಿ ಕಳಿಸಿದವನನ್ನು ಏನು ಮಾಡುವುದು? ಕುದುರೆಯ ಮೇಲೆ ಊರೂರು ಸುತ್ತುವ ನಮ್ಮ ಪಾದ್ರಿಯನ್ನು ಆ ಭಾನುವಾರ ಕೇಳಿದೆವು. ಅವನೂ ತಲೆ ಕೆರೆದುಕೊಂಡು, “ಕಾನೂನು ಹಾಗೇ ಇದೆ ತಂಗಿ, ತಾಳ್ಮೆ ಇರಲಿ,” ಅಂದ. ನಮ್ಮನೆಯ ಹೆಂಗಸರಿಗೆ ತಾಳ್ಮೆಯ ಉಪದೇಶ ಮಾಡದ ಗಂಡಸು ಆ ತಿಂಗಳು ಒಬ್ಬನೂ ಉಳಿಯಲಿಲ್ಲ.

ಟ್ಯಾಮ್ಸನ್ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಿದ್ದಳು, ಸಿಹಿಗೆಣಸು ಸುಟ್ಟು, ರೊಟ್ಟಿ ಬೇಯಿಸಿ, ಈನಕನ ತಟ್ಟೆ ತುಂಬಿಸುತ್ತಿದ್ದಳು. ಆದರೆ ಅವನ ಲೋಟಕ್ಕೆ ಏನನ್ನೂ ಹುಯ್ಯುತ್ತಿರಲಿಲ್ಲ. ಎಲ್ಲರ ಲೋಟಕ್ಕೂ ತಗಡಿನ ಚೊಂಬಿನಿಂದ ಮಜ್ಜಿಗೆ ಹುಯ್ದು, ಅವನ ಹತ್ತಿರ ಬಂದಾಗ ಚೊಂಬು ಕೆಳಗಿಟ್ಟು ಹೋಗುತ್ತಿದ್ದಳು. ಮೊದಲ ದಿನ ಅವನು ಕಾದು ಕೂತ. ಆಮೇಲೆ ತಾನೇ ಹುಯ್ದುಕೊಳ್ಳತೊಡಗಿದ.

ಏಶರ್‌ಗೆ ಕುರ್ಚಿಯ ಸುದ್ದಿಯ ಹಿಂದಿನ ವ್ಯಾಪಾರ ತಿಳಿದದ್ದು ಮಹೇಲಾಳಿಂದ. ಒಂದು ಸಂಜೆ ಅವನು ಮನೆಗೆ ಬಂದ.

“ಮಾವ, ನಾನು ಕುರ್ಚಿ ಕೇಳಿದ್ನಾ?”

“ನಿನ್ನ ಒಳ್ಳೇದಕ್ಕೇ ಕಣೋ.”

“ನಾನು ಊದೋದು ಚೆನ್ನಾಗಿದ್ರೆ ಕೊಡ್ಲಿ, ಇಲ್ಲಾಂದ್ರೆ ಬಿಡ್ಲಿ. ಅತ್ತೆ ಹೂಜಿ ಮೇಲೆ ಕೂತು ಊದೋಕೆ ನನ್ನಿಂದಾಗಲ್ಲ. ಬೇಡ ಅಂತ ಹೇಳಿ ಬಂದಿದ್ದೀನಿ.”

“ಬೇಡ ಅಂದ್ಯಾ? ತಲೆ ಕೆಟ್ಟಿದ್ಯೇನೋ?” ಈನಕ್ ಎದ್ದು ನಿಂತ. “ಹಾಗಾದ್ರೆ ನಾನು ಕೊಟ್ಟಿದ್ದು ಏನಕ್ಕಾಯ್ತು?”

“ಅದನ್ನೇ ನಾವೆಲ್ಲ ಕೇಳ್ತಿರೋದು,” ಅಂದಳು ಮಹೇಲಾ. “ಅಪ್ಪ, ಹೂಜಿ ಇಲ್ಲದೆ ನಾನು ಮದುವೆಗೆ ನಿಲ್ಲಲ್ಲ. ಏಶರ್ ಕಾಯ್ತೀನಿ ಅಂದಿದ್ದಾನೆ. ಎಷ್ಟು ದಿನ ಅಂತ ನೀವೇ ಹೇಳಿ.”

ಈನಕ್ ಕೂತುಕೊಂಡ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ಒಳ್ಳೆಯದನ್ನೇ ಮಾಡಿದೆ ಎಂದು ನಂಬಿದ್ದ. ಹಾಗೆ ನಂಬಿದವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ನವೆಂಬರಿನ ಮೊದಲಿಗೆ ಫಿಲಡೆಲ್ಫಿಯಾದಿಂದ ಕಾರ್ಖಾನೆಯ ಧಣಿಯ ತಮ್ಮ, ಅವನ ಹೆಂಡತಿ, ಇನ್ನಿಬ್ಬರು ವ್ಯಾಪಾರಿಗಳು ಬಂದಿಳಿದರು. ಮ್ಯಾನೇಜರನ ಮನೆಯಲ್ಲಿ ಔತಣ. ಬಡಿಸಲು ಕೈ ಸಾಲದು, ಟ್ಯಾಮ್ಸನ್ ಮತ್ತು ಡಾರ್ಕಸ್ ಬರಲಿ ಎಂದು ಆಳಿನ ಕೈಲಿ ಹೇಳಿಕಳಿಸಿದರು.

“ನಾಚಿಕೆಯಿಲ್ವಾ ಅವರಿಗೆ?” ಅಂದೆ ನಾನು. “ಹೋಗೋದು ಬೇಡ ಅತ್ತಿಗೆ.”

“ಹೋಗೋಣ,” ಅಂದಳು ಟ್ಯಾಮ್ಸನ್. ಒಗೆದ ಏಪ್ರನ್ ಕಟ್ಟಿಕೊಂಡಳು. ಹೊರಡುವ ಮುಂಚೆ ಈನಕನ ಹತಾರದ ಪೆಟ್ಟಿಗೆ ತೆಗೆದದ್ದನ್ನು ನೋಡಿದೆ, ಯಾಕೆಂದು ಕೇಳಲಿಲ್ಲ.

ಮೇಜಿನ ತುಂಬ ಕಡಲಕೊಲ್ಲಿಯ ಸಿಂಪಿಮಾಂಸ, ಹುರಿದ ಬಾತುಕೋಳಿ, ಬಿಳಿ ಬ್ರೆಡ್ಡು. ನಡುವೆ ನಮ್ಮ ಹೂಜಿ, ಅದರ ತುಂಬ ಕೆಂಪು ದ್ರಾಕ್ಷಾರಸ. ಆ ಬಣ್ಣದಲ್ಲಿ ನೈದಿಲೆ ಎಲೆಗಳು ಕಾಣುತ್ತಲೇ ಇರಲಿಲ್ಲ. ಟ್ಯಾಮ್ಸನ್ ಬಾತುಕೋಳಿಯ ತಟ್ಟೆ ಇಟ್ಟು ಗೋಡೆಗೆ ಒತ್ತಿ ನಿಂತಳು. ನಾನು ಅವಳ ಪಕ್ಕದಲ್ಲಿ ನಿಂತೆ.

“ಇದು ಎಲ್ಲಿ ಸಿಕ್ಕಿತು ನಿಮಗೆ?” ಅಂದಳು ಧಣಿಯ ತಮ್ಮನ ಹೆಂಡತಿ.

“ಇಲ್ಲೇ, ಒಬ್ಬ ಕೆಲಸಗಾರನ ಗುಡಿಸಲಲ್ಲಿ,” ಅಂದಳು ಮ್ಯಾನೇಜರನ ಹೆಂಡತಿ. “ಪಾಪ, ಅದರಲ್ಲಿ ಮಜ್ಜಿಗೆ ಹಾಕಿಟ್ಟಿದ್ದರು! ನಾನು ಕಾಪಾಡಿದೆ ಅನ್ನಿ. ಅವರಿಗೇನು ಗೊತ್ತಾಗುತ್ತೆ ಇದರ ಬೆಲೆ. ಈ ಹಿಡಿ ನೋಡಿ, ಸೊಟ್ಟ! ಈ ಸೊಟ್ಟ ಹಿಡಿಯೇ ನನಗೆ ಪ್ರಾಣ.”

ನನ್ನ ಮೈಯೆಲ್ಲ ಉರಿದುಹೋಯಿತು. ಆಕೆ ಅದನ್ನು ಪಿಸುಗುಟ್ಟಿರಲಿಲ್ಲ. ನಾವು ಗೋಡೆಯೋ ಕುರ್ಚಿಯೋ ಎಂಬಂತೆ ನಮ್ಮೆದುರೇ ಹೇಳಿದ್ದಳು.

ಟ್ಯಾಮ್ಸನ್ ಮೇಜಿನ ಹತ್ತಿರ ಹೋದಳು. ಹೂಜಿ ಎತ್ತಿಕೊಂಡಳು. ಎಲ್ಲರೂ ಲೋಟ ಮುಂದೆ ಮಾಡಿದರು, ಹುಯ್ಯುತ್ತಾಳೆಂದು. ಅವಳು ಹುಯ್ದಳು ಕೂಡ, ಒಬ್ಬೊಬ್ಬರಿಗೂ, ಒಂದು ತೊಟ್ಟು ಚೆಲ್ಲದೆ, ಹೂಜಿ ಖಾಲಿಯಾಗುವ ತನಕ. ಆಮೇಲೆ ಏಪ್ರನ್ನಿನ ಜೇಬಿನಿಂದ ಈನಕನ ಅರ ತೆಗೆದಳು. ಗಾಜು ತುಂಡರಿಸುವ ಮುಂಚೆ ಗೆರೆ ಹಾಕುವ ಪುಟ್ಟ ಅರ ಅದು. ಹಿಡಿ ಬಾಯಿಗೆ ಸೇರುವ ಕಡೆ ಒಂದು ಗೆರೆ, ಹೊಟ್ಟೆಗೆ ಸೇರುವ ಕಡೆ ಒಂದು ಗೆರೆ ಎಳೆದಳು. ಕರಕರ ಅಂತ ಸದ್ದು.

“ಏನಮ್ಮಾ ಮಾಡ್ತಿದ್ದೀಯ?” ಕ್ಯಾಡ್‌ವೆಲ್ ಕುರ್ಚಿ ಹಿಂದೆ ತಳ್ಳಿದ.

ಅವಳು ಬೆರಳನ್ನು ನೀರಿನ ಲೋಟಕ್ಕೆ ಅದ್ದಿ ಗೆರೆಗಳನ್ನು ಒದ್ದೆ ಮಾಡಿದಳು. ಅರದ ಹಿಂಬದಿಯಿಂದ ಟಕ್ ಅಂತ ಒಂದು ಏಟು, ಟಕ್ ಅಂತ ಇನ್ನೊಂದು. ಹೂಜಿಯೇ ಸೀಳಿತೆಂದುಕೊಂಡು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಹಿಡಿ ಅವಳ ಅಂಗೈಯಲ್ಲಿತ್ತು.

ಅದನ್ನು ಅವಳು ಮ್ಯಾನೇಜರನ ಹೆಂಡತಿಯ ತಟ್ಟೆಯಲ್ಲಿ, ಬಾತುಕೋಳಿಯ ಪಕ್ಕದಲ್ಲಿ ಇಟ್ಟಳು.

“ತಗೊಳ್ಳಿ. ನಿಮಗೆ ಪ್ರಾಣ ಅಂದ್ರಲ್ಲ. ಇದು ನನ್ನ ಗಂಡ ಹಾಕಿದ್ದು, ಅವರು ಕೊಟ್ಟಿದ್ದಾರೆ, ಇಟ್ಕೊಳ್ಳಿ. ಮಿಕ್ಕಿದ್ದು ನಮ್ಮಪ್ಪ ಊದಿದ್ದು. ಅವನು ಯಾರಿಗೂ ಕೊಟ್ಟಿಲ್ಲ, ನನಗೆ ಮಾತ್ರ ಕೊಟ್ಟಿದ್ದು.”

“ಇದು ಕಳ್ಳತನ!” ಕ್ಯಾಡ್‌ವೆಲ್‌ನ ಮೆಲುದನಿ ಎಲ್ಲಿಗೋ ಹೋಗಿತ್ತು. “ಕಾನೂನಿನ ಪ್ರಕಾರ...”

“ಕಾನೂನಿಗೆ ಹೇಳಿ, ನಮ್ಮನೆ ಕೊನೇ ಮನೆ. ಬಂದು ತಗೊಂಡು ಹೋಗಲಿ. ಬರೋವಾಗ ಮುಂದಿನ ಬಾಗಿಲಿಗೇ ಬರಲಿ, ನಾವು ಯಾರನ್ನೂ ಹಿತ್ತಲಲ್ಲಿ ನಿಲ್ಲಿಸಲ್ಲ.”

ಹೂಜಿಯನ್ನು ಏಪ್ರನ್ನಿನಲ್ಲಿ ಸುತ್ತಿ ಎದೆಗವಚಿಕೊಂಡು ಅವರ ಮುಂಬಾಗಿಲಿನಿಂದಲೇ ಹೊರಬಂದಳು. ನಾನು ಹಿಂದೆಯೇ ಓಡಿದೆ. ದಾರಿಯಲ್ಲಿ, “ಅತ್ತಿಗೆ, ನಾನು ಹಿಡ್ಕೊಳ್ಳಲಾ?” ಅಂದೆ. “ಬೇಡ,” ಅಂದಳು.

ಮಾರನೆಯ ಬೆಳಗ್ಗೆ ಮ್ಯಾನೇಜರ್ ಕುಲುಮೆಗೇ ಬಂದು ಈನಕನನ್ನು ಎಲ್ಲರೆದುರು ಕರೆದನಂತೆ. ಮಧ್ಯಾಹ್ನ ಏಶರ್ ಓಡಿಬಂದು, ಏದುಸಿರು ಬಿಡುತ್ತ ನಮಗೆ ಹೇಳಿದ.

“ಸಂಜೆಯೊಳಗೆ ಹೂಜಿ ತಂದುಕೊಡು, ಇಲ್ಲಾಂದ್ರೆ ಶನಿವಾರಕ್ಕೆ ಮನೆ ಖಾಲಿ ಮಾಡು ಅಂದ. ಮಾವ ಎಂದಿನ ಹಾಗೆ ಟೋಪಿ ತೆಗೆದ್ರು.”

“ತೆಗೆದೇ ತೆಗೀತಾನೆ,” ಅಂದಳು ಅಮ್ಮ.

“ಕೇಳಿ ಅಜ್ಜಿ. ಟೋಪಿ ಹಿಂಡಿದ್ರು, ಹಿಂಡಿದ್ರು. ಕೊನೆಗೆ ಟೋಪಿ ತಲೆಗಿಟ್ಟುಕೊಂಡು, ‘ಸ್ವಾಮಿ, ಹಿಡಿ ನಿಮ್ಮ ಹತ್ರ ಇದೆ. ಹೂಜಿ ನನ್ನದಲ್ಲ. ನನ್ನದಲ್ಲದ್ದನ್ನ ಒಂದ್ಸಲ ಕೊಟ್ಟೆ, ಇನ್ನೊಂದ್ಸಲ ಕೊಡಲಾರೆ’ ಅಂದ್ರು. ಊದುಗೊಳವೆ ಗೋಡೆಗೆ ಒರಗಿಸಿ ಬಂದುಬಿಟ್ರು. ನಾನೂ ಬಂದೆ.”

ಟ್ಯಾಮ್ಸನ್ ಹಿಟ್ಟು ನಾದುತ್ತಿದ್ದಳು. ನಾದುತ್ತಲೇ ಇದ್ದಳು. “ಎಲ್ಲಿ ಅವರು?”

“ನದಿಯಾಚೆ ಕಾರ್ಖಾನೆಗೆ ಹೋಗಿದ್ದಾರೆ, ಕೆಲಸ ಕೇಳೋಕೆ.”

ಕೆಲಸವೇನೋ ಸಿಕ್ಕಿತು, ಇಲ್ಲಿಗಿಂತ ಕಡಿಮೆ ಕೂಲಿಗೆ. ಸಾಲುಮನೆಯ ಗಂಡಸರು ಬಾಯಿ ಬಿಡಲಿಲ್ಲ. ಹೆಂಗಸರು ಮಾತ್ರ ತಮ್ಮ ತಮ್ಮ ಹೂಜಿ, ಬೋಗುಣಿಗಳನ್ನು ಕಿಟಕಿಯಿಂದ ತೆಗೆದು ಒಳಗಿಟ್ಟುಕೊಂಡರು. ನಾವು ಹುಟ್ಟಿ ಬೆಳೆದ ಸಾಲು, ನಮ್ಮಪ್ಪನನ್ನು ಹೂಳಿದ ಊರು. ಶನಿವಾರ ಅಂದರೆ ಶನಿವಾರ, ಬಿಟ್ಟು ಹೊರಡಲೇಬೇಕಿತ್ತು. ಇದನ್ನು ನೆನೆದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಮದುವೆಯನ್ನು ಶುಕ್ರವಾರವೇ ಮುಗಿಸಿದೆವು. ಮೇಜು, ಕುರ್ಚಿ ಆಗಲೇ ಎತ್ತಿನ ಗಾಡಿ ಹತ್ತಿದ್ದವು. ಕೋಣೆಯ ಬಾಗಿಲು ಬಿಚ್ಚಿ ಎರಡು ಪೀಪಾಯಿಗಳ ಮೇಲಿಟ್ಟು ಮೇಜು ಮಾಡಿದೆವು. ನಮ್ಮ ಹಂದಿ ಕಡಿಯಲು ಪುರುಸೊತ್ತಾಗಿರಲಿಲ್ಲ. ಪಕ್ಕದ ಮನೆಯವರು ತಂದ ಪಕ್ಕೆಮಾಂಸ, ಸಿಹಿಗೆಣಸು, ಕ್ರ್ಯಾನ್‌ಬೆರಿ ಪಾಕ. ಬಟ್ಟಲುಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಕಟ್ಟಿಯಾಗಿತ್ತು, ಹೂಜಿಯೊಂದೇ ಹೊರಗಿತ್ತು. ಹಿಡಿ ಇದ್ದ ಕಡೆ ಎರಡು ಒರಟು ಕಲೆ. ತಣ್ಣಗಾದ ಗಾಜಿಗೆ ಮತ್ತೆ ಹಿಡಿ ಹಾಕಲು ಬರುವುದಿಲ್ಲ. ಅದು ಈನಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಅವನು ಅದರ ಕಡೆ ನೋಡುತ್ತಲೇ ಇರಲಿಲ್ಲ.

ಪಾದ್ರಿ ಮದುವೆಯ ವಿಧಿ ಓದಿ ಮುಗಿಸಿದ. ಟ್ಯಾಮ್ಸನ್ ಹೂಜಿಗೆ ಸೇಬಿನ ರಸ ತುಂಬಿಸಿ ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು. ಮೊದಲು ಅಮ್ಮನಿಗೆ ಹುಯ್ದಳು.

“ಈಗ ನೆಟ್ಟಗೆ ಬೀಳ್ತಿದೆ ಕಣೇ,” ಅಂದಳು ಅಮ್ಮ. ಮಹೇಲಾ ನಗಲು ಹೋಗಿ ಅತ್ತುಬಿಟ್ಟಳು. ಏಶರ್‌ಗೆ, ಮಹೇಲಾಗೆ, ಪಾದ್ರಿಗೆ, ನೆರೆಯವರಿಗೆ, ನನಗೆ, ಎಲ್ಲರಿಗೂ ಹುಯ್ದಳು. ಕೊನೆಗೆ ಈನಕನ ಹತ್ತಿರ ಬಂದಳು. ಅವನು ಲೋಟ ಮುಂದೆ ಚಾಚಿದ.

ಅವಳು ಹೂಜಿಯನ್ನು ಅವನ ಮುಂದೆ ಇಟ್ಟಳು.

“ನೀವೇ ಹುಯ್ಕೊಳ್ಳಿ. ಎರಡೂ ಕೈಲಿ ಹಿಡ್ಕೊಳ್ಳಿ, ಜಾರುತ್ತೆ.”

ಈನಕ್ ಲೋಟ ಕೆಳಗಿಟ್ಟ. ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹೂಜಿ ಎತ್ತಿದ. ಹಿಡಿ ಕಿತ್ತ ಕಡೆಯ ಚೂಪು ಅವನ ಹೆಬ್ಬೆರಳಿಗೆ ತಾಗಿ ರಕ್ತ ಬಂತು. ಅವನು ಕೈ ತೆಗೆಯಲಿಲ್ಲ. ಲೋಟ ತುಂಬುವ ತನಕ ಹುಯ್ದುಕೊಂಡು, ಹೂಜಿಯನ್ನು ಮಗಳ ಮುಂದೆ ಇಟ್ಟು, “ಇದು ನಿನ್ನದು,” ಅಂದ.